ಯಾವ ಬಾವಿ?

ಊರಿನ ಎರಡು ಬಾವಿಗಳಲ್ಲಿ ಒಂದರ ನೀರಿನಲ್ಲಿ ವಿಷವಿದೆ ಎಂದು ವಿದೇಶಿ ಸಂಶೋಧನಾ ಪತ್ರಿಕೆಯ ಲೇಖನವೊಂದರ ಸಾರಾಂಶ ಹೇಳುತ್ತಿತ್ತು. ಯಾವ ಬಾವಿ ಎಂಬುದು ಲೇಖನದ ಒಳಗಿತ್ತು. ಹಣ ಕಟ್ಟದೆ ಅದು ತೆರೆಯುತ್ತಿರಲಿಲ್ಲ. ಶಾಲೆಯ ಟೀಚರ್ ಕಸ್ತೂರಿಬಾಯಿಯ ಬ್ಯಾಂಕ್ ಕಾರ್ಡು ವಿದೇಶಿ ಪಾವತಿಗೆ ನಡೆಯುತ್ತಿರಲಿಲ್ಲ. ನೀರು ಪರೀಕ್ಷಿಸಿದ್ದ ಕಾಲೇಜಿಗೆ ಅವಳು ಫೋನ್ ಮಾಡಿದಳು.

"ಲೇಖನ ಬರೆದ ಸರ್ ತೀರಿಕೊಂಡರು, ಮೇಡಂ. ಆ ಪತ್ರಿಕೆಯ ಚಂದಾ ನಾವೂ ನಿಲ್ಲಿಸಿದ್ದೇವೆ. ವರ್ಷ ತುಂಬಿದರೆ ಲೇಖನ ಎಲ್ಲರಿಗೂ ಪುಕ್ಕಟೆ ತೆರೆಯುತ್ತದೆ."

"ಅಲ್ಲೀತನಕ ಮಂದಿ ಯಾವ ನೀರು ಕುಡೀಬೇಕ್ರೀ?"

ಆ ಕಡೆಯವರು ಫೋನ್ ಇಟ್ಟರು.

ಕಸ್ತೂರಿಬಾಯಿಯೇ ಮನೆಮನೆಗೆ ಹೋಗಿ, ಉಪ್ಪುಪ್ಪಾದ ಸವುಳು ನೀರಿನಲ್ಲೇ ವಿಷವಿರಬೇಕೆಂದು ಒಪ್ಪಿಸಿ, ಆ ಬಾವಿಗೆ ಕಲ್ಲುಮಣ್ಣು ತುಂಬಿಸಿದಳು. ಊರೆಲ್ಲ ಅವಳನ್ನು ಹರಸಿತು.

ವರ್ಷದ ಮೇಲೆ ಲೇಖನ ತೆರೆಯಿತು. ವಿಷವಿದ್ದದ್ದು ಸಿಹಿನೀರಿನ ಬಾವಿಯಲ್ಲಿ.