ಕಾವಲುಗಾರನ ಕೊಡೆ

ಕಣ್ಣು ಕಾಣದ ನಿವೃತ್ತ ಬೆರಳಚ್ಚು ಮೇಷ್ಟ್ರು ಎದ್ದು ನಿಂತಾಗ ವಾಚನಾಲಯದ ಮಹಡಿಯ ಕೋಣೆ ತಾನಾಗಿಯೇ ಸದ್ದಡಗಿತು. ಪಕ್ಕದಲ್ಲಿ ಕೂತಿದ್ದ ಸೊಸೆ ಕೈಗೋಲನ್ನು ಅವರ ಕೈಗೆ ತಂದಿಟ್ಟಳು. ಎದುರಿನ ಮೇಜಿನ ಹಿಂದೆ ಹೊಸ ಲೇಖಕ ನೀರಿನ ಲೋಟ ಕೆಳಗಿಟ್ಟ. ಗೂಢಚಾರನ ಮೂವತ್ತು ಕಾದಂಬರಿಗಳನ್ನು ಬರೆದ ಹಿರಿಯ ಲೇಖಕರು ತೀರಿಕೊಂಡು ಏಳು ವರ್ಷವಾಗಿತ್ತು. ಮೂವತ್ತೊಂದನೆಯದನ್ನು ಬರೆಯಲು ಪ್ರಕಾಶಕರು ಇವನನ್ನು ಆರಿಸಿದ್ದರು. ಆರಿಸಿದ್ದು ಪ್ರಕಾಶಕರಾದರೂ ಒಪ್ಪಬೇಕಾದವರು ಈ ಕೋಣೆಯಲ್ಲಿದ್ದ ಇಪ್ಪತ್ತೆರಡು ಅಭಿಮಾನಿಗಳು. ಖೋಟಾ ಇರಬಹುದೆಂಬ ಅನುಮಾನದ ನೂರರ ನೋಟನ್ನು ಬೆಳಕಿಗೆ ಹಿಡಿದು ನೋಡುವಂತೆ ಒಂದು ಗಂಟೆಯಿಂದ ಅವರು ಅವನನ್ನು ನೋಡುತ್ತಿದ್ದರು.

ಗೂಢಚಾರನ ಪಿಸ್ತೂಲಿನ ಸಂಖ್ಯೆ, ಅವನ ಮೊದಲ ಮೇಲಧಿಕಾರಿಗೆ ಇದ್ದ ಕಾಯಿಲೆ, ಎಡಗಿವಿಯ ಗಾಯ ಎಲ್ಲ ಕೇಳಿಯಾಗಿತ್ತು. ಎಲ್ಲಕ್ಕೂ ಸರಿಯುತ್ತರ ಬಂದು ಅವರಿಗೆ ಕೊಂಚ ನಿರಾಸೆಯೂ ಆಗಿತ್ತು. ಉಳಿದದ್ದು ಮೇಷ್ಟ್ರೊಬ್ಬರೇ. ಹತ್ತು ವರ್ಷದಿಂದ ಸೊಸೆಯ ಬಾಯಲ್ಲಿ ಮೂವತ್ತೂ ಪುಸ್ತಕಗಳನ್ನು ಕೇಳಿದವರು. ಕಣ್ಣಲ್ಲಿ ಓದುವವರು ಸಾಲು ಹಾರಿಸುತ್ತಾರೆ, ಕಿವಿಗೆ ಹಾರಿಸಲು ಬರುವುದಿಲ್ಲ ಎಂಬುದು ಅವರ ವಾದ. ಬಳಗದಲ್ಲಿ ಅವರ ಹೆಸರೇ ಕಿವಿ ಮೇಷ್ಟ್ರು.

"ಒಂದೇ ಪ್ರಶ್ನೆಯಪ್ಪಾ," ಎಂದರು ಮೇಷ್ಟ್ರು. "ಒಂಬತ್ತನೇ ಪುಸ್ತಕದಲ್ಲಿ ನಮ್ಮವನು ಕಾಗದ ಕದ್ದು ಶತ್ರುಗಳ ರಾಯಭಾರ ಕಚೇರಿಯಿಂದ ಹೊರಗೆ ಬರ್ತಾನೆ. ಬಾಗಿಲಲ್ಲಿ ಮುದುಕ ಕಾವಲುಗಾರ. ಗುರುತು ಹಿಡೀತಾನೆ, ಆದ್ರೂ ಕೂಗಲ್ಲ. ಹೊರಗೆ ಮಳೆ ಅಂತ ತನ್ನ ಕೊಡೆ ಕೊಡ್ತಾನೆ. ಮಾರನೇ ದಿನ ನಮ್ಮವನು ಜೀವದ ಹಂಗು ಬಿಟ್ಟು ಅದನ್ನ ವಾಪಸ್ ಕೊಡೋಕೆ ಹೋಗ್ತಾನಲ್ಲ, ಅಲ್ಲಿ ಭಾಷೆಗೇ ಬೇರೆ ಉಸಿರು ಬರುತ್ತೆ. ಆ ಉಸಿರು ನಿನಗೆ ಬರುತ್ತಾ?"

ಸೊಸೆ ತಟ್ಟನೆ ಹೊಸ ಲೇಖಕನ ಮುಖ ನೋಡಿದಳು. ಆ ಕೊಡೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂಬತ್ತನೆಯದು ಮತ್ತೆ ಅಚ್ಚಾಗಿರಲಿಲ್ಲ. ಬಳಗಕ್ಕೆಲ್ಲ ಇದೇ ವಾಚನಾಲಯದ ಒಂದು ಪ್ರತಿ. ಅದರಲ್ಲಿ ಹೊಲಿಗೆ ಬಿಟ್ಟು ಹದಿನಾರು ಪುಟ ಉದುರಿಹೋಗಿದ್ದವು. ನೂರ ನಲವತ್ತನಾಲ್ಕನೆಯ ಪುಟದ ಕೊನೆಗೆ ಗೂಢಚಾರ ಕಾವಲುಗಾರನ ಎದುರು ನಿಂತಿದ್ದ. ನೂರ ಅರವತ್ತೊಂದರಲ್ಲಿ ರೈಲಿನಲ್ಲಿ ಕೂತಿದ್ದ. ಅದನ್ನು ಓದಿದ ದಿನ ಮಧ್ಯಾಹ್ನ ಮಾವ ಕುರ್ಚಿಯ ಅಂಚಿಗೆ ಸರಿದು ಕಿವಿ ಕೊಟ್ಟು ಕೂತಿದ್ದರು. ಪುಟ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಇದ್ದದ್ದನ್ನು ಓದುವಂತೆಯೇ ಇಲ್ಲದ್ದನ್ನೂ ನಿಧಾನವಾಗಿ ಓದಿದ್ದಳು. ಈಗ ಈ ಮನುಷ್ಯ ಅಂಥದ್ದೇನೂ ಇಲ್ಲ ಎಂದುಬಿಟ್ಟರೆ ಇಷ್ಟು ಜನರ ಮುಂದೆ ಮಾವನ ಕಿವಿ ಸುಳ್ಳಾಗುತ್ತಿತ್ತು; ನಾಳೆಯಿಂದ ಅವಳು ಓದುವ ಯಾವ ಸಾಲನ್ನೂ ಅವರು ನಂಬುತ್ತಿರಲಿಲ್ಲ.

ಹೊಸ ಲೇಖಕ ಮನಸ್ಸಿನಲ್ಲೇ ಒಂಬತ್ತನೆಯದರ ಪುಟ ತಿರುವಿದ. ಅವನ ಬಳಿ ಪೂರ್ತಿ ಪ್ರತಿಯೇ ಇತ್ತು. ಆರು ಸಲ ಓದಿದ್ದ. ಕೊಡೆ ಎಲ್ಲಿಯೂ ಕಂಡಿರಲಿಲ್ಲ. ಆದರೆ ಇಲ್ಲ ಎಂದರೆ ಇವನು ಓದಿಯೇ ಇಲ್ಲ ಎನ್ನುತ್ತಾರೆ, ಇಷ್ಟು ಹೊತ್ತು ಗಳಿಸಿದ್ದು ಮಣ್ಣುಪಾಲು. ಅವನು ಮೇಷ್ಟ್ರ ಮುಖ ನೋಡಿ, ಆ ಕೊಡೆಯೇ ಇಡೀ ಮಾಲೆಯ ಜೀವ, ತಾನು ಈ ಕೆಲಸ ಒಪ್ಪಿಕೊಂಡದ್ದೇ ಅದಕ್ಕಾಗಿ ಎಂದ.

ಕೋಣೆ ಕಳೆಗಟ್ಟಿತು. ಪುಟ ಇಲ್ಲವೆಂದು ಈವರೆಗೆ ಒಬ್ಬರೂ ದೂರಿರಲಿಲ್ಲ. ದೂರಿದರೆ ಒಂಬತ್ತನೆಯದನ್ನು ಪೂರ್ತಿ ಓದಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು. ಔಷಧಿ ಅಂಗಡಿಯವರು ಆ ಭಾಗಕ್ಕೆ ಬಂದಾಗಲೆಲ್ಲ ತಮ್ಮ ಕಣ್ಣು ತೇವವಾಗುತ್ತದೆಂದರು. ಗಡಿಯಾರ ರಿಪೇರಿಯವರು ಕೊಡೆಯ ಹಿಡಿ ಬೆತ್ತದ್ದೆಂದು ನೆನಪು ಮಾಡಿಕೊಟ್ಟರು. ಅಲ್ಲ, ಮರದ್ದು ಎಂದು ವಾಚನಾಲಯದ ಯಜಮಾನರು ತಿದ್ದಿದರು. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಹಿಡಿ ಯಾವುದರದ್ದೆಂದು ಹಿರಿಯ ಲೇಖಕರು ಬರೆದೇ ಇಲ್ಲ ಎಂದಷ್ಟೇ ಹೇಳಿ ಮೇಷ್ಟ್ರು ಕೂತರು. ಕಡೆಗೆ, ಮೂವತ್ತೊಂದನೆಯ ಪುಸ್ತಕದಲ್ಲಿ ಆ ಕಾವಲುಗಾರ ಬರಲೇಬೇಕು, ಬಾರದಿದ್ದರೆ ಬಳಗದವರು ಅದನ್ನು ಮುಟ್ಟುವುದಿಲ್ಲ ಎಂದು ಒಮ್ಮತದಿಂದ ತೀರ್ಮಾನವಾಯಿತು.

ಸಭೆ ಮುಗಿದು ಸೊಸೆ ಮೆಟ್ಟಿಲ ಬಳಿ ಮಾವನ ಚಪ್ಪಲಿ ಹುಡುಕುತ್ತಿದ್ದಾಗ ಹೊಸ ಲೇಖಕ ಹತ್ತಿರ ಬಂದ. ಎಲ್ಲರೂ ತಲೆಯಾಡಿಸಿದರು, ನೀವೊಬ್ಬರೇ ಆಡಿಸಲಿಲ್ಲ ಎಂದ. ಅವಳು ಹದಿನಾರು ಪುಟದ ಸಂಗತಿಯನ್ನು ಮುಚ್ಚಿಡದೆ ಹೇಳಿದಳು. ಹೇಳಿ, ಆ ಪುಟಗಳಲ್ಲಿ ನಿಜವಾಗಿ ಏನಿದೆ ಎಂದು ಕೇಳಿದಳು.

"ಏನಿಲ್ಲ ಅಕ್ಕ. ನಮ್ಮವನು ಆ ಮುದುಕನ್ನ ಬಾಗಿಲಲ್ಲೇ ಗುಂಡು ಹೊಡೆದು ಸಾಯಿಸ್ತಾನೆ. ಅದಕ್ಕೆ ಒಂದು ಪುಟ. ಮಿಕ್ಕ ಹದಿನೈದು ಪುಟ ಕಾರಿನ ವರ್ಣನೆ."

ಅವಳು ಮಾವನ ಕಡೆ ನೋಡಿದಳು. ಅವರು ಗೋಡೆಗೊರಗಿ ನಿಂತು ಔಷಧಿ ಅಂಗಡಿಯವರಿಗೆ ಉಸಿರಿನ ವಿಷಯ ವಿವರಿಸುತ್ತಿದ್ದರು.

"ಸತ್ತೋನನ್ನ ಈಗ ನಾನು ಎಲ್ಲಿಂದ ಕರ್ಕೊಂಡು ಬರ್ಲಿ?" ಎಂದ ಲೇಖಕ.

"ನಮ್ಮನೇಲಿ ಅವನು ಸತ್ತಿಲ್ಲ," ಎಂದಳು ಅವಳು, ದನಿ ತಗ್ಗಿಸಿ. "ಯಾವ ಪುಸ್ತಕ ಓದಿದ್ರೂ ಮಾವನವರು ಅವನನ್ನ ವಿಚಾರಿಸ್ತಾರೆ, ನಾನೇನು ಮಾಡ್ಲಿ? ಬರ್ಕೊಳ್ಳಿ. ಅವನಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡವಳ ಮದುವೆ ಇಪ್ಪತ್ತನೇ ಪುಸ್ತಕದಲ್ಲಾಯ್ತು. ಚಿಕ್ಕವಳು ನರ್ಸ್ ಕೆಲಸಕ್ಕೆ ಓದ್ತಿದಾಳೆ. ಎರಡನೆಯವಳಿಗೇ ಇನ್ನೂ ಗಂಡು ಗೊತ್ತಾಗಿಲ್ಲ. ಅದೊಂದು ನಿಮ್ಮ ಪುಸ್ತಕದಲ್ಲಿ ಆಗಿಹೋಗ್ಲಿ."