ಸೀರೆಯ ಹಿಂಬದಿ

ಹೇಮಪ್ಪ ಸೀರೆಯನ್ನು ತಿರುವಿ ಹಾಸಿ, ಸೆರಗಿನಿಂದ ಒಂದು ಮೊಳ ಕೆಳಗೆ ಬೆರಳಿಟ್ಟ.

"ಇಲ್ಲಿ ನೋಡ್ರಿ ಸಾವಕ್ಕಾ. ಎಳಿ ಹರದೈತಿ. ಕೂಡಿಸದ ಹಂಗ ನೇಯ್ದೀರಿ. ಇದು ಎರಡನೇ ನಂಬರಿಗೆ ಹೋಗ್ತೈತಿ, ಕೂಲಿ ಕಡಿಮಿ."

ಸಾವಕ್ಕ ಬಗ್ಗಿ ನೋಡಿದಳು. ಮುಂಬದಿಯಲ್ಲಿ ಗಂಜಿಯ ಹೊಳಪಿನೊಳಗೆ ಏನೂ ಕಾಣುತ್ತಿರಲಿಲ್ಲ. ಹಿಂಬದಿಯಲ್ಲಿ ಮಾತ್ರ ಎಳೆಯೊಂದು ತುಂಡಾಗಿ ಜೋತುಬಿದ್ದಿತ್ತು. "ಹೌದ್ರಿ, ನಂದ ತಪ್ಪು. ಕಣ್ಣು ಮೊದಲಿನಂಗ ಇಲ್ಲ" ಎಂದಳು. ಗಂಡ ತೀರಿದ ಮೇಲೆ ಹನ್ನೆರಡು ವರ್ಷದಿಂದ ಅವನ ಮಗ್ಗದಲ್ಲಿ ತಾನೇ ಕೂತು ನೇಯುತ್ತಿದ್ದವಳು ಅವಳು. ಗಜೇಂದ್ರಗಡದ ಈ ನೇಕಾರರ ಸಂಘದಲ್ಲಿ ಒಂದು ಪದ್ಧತಿ ಇತ್ತು. ಸೀರೆಯನ್ನು ನೇಯ್ದವರ ಕಣ್ಣೆದುರೇ ತಿರುವಿ ನೋಡಬೇಕು. ಕಾರ್ಯದರ್ಶಿ ಹೇಳಿದ ತಪ್ಪು ನೇಯ್ದವರಿಗೂ ಕಾಣಬೇಕು. ಕಾಣದಿದ್ದರೆ ಅದು ತಪ್ಪೇ ಅಲ್ಲ. ಹಾಗಾಗಿ ಅಲ್ಲಿ ಜಗಳ ಕಡಿಮೆ.

ಕಾರ್ಯದರ್ಶಿ ಹೇಮಪ್ಪ ಸೀರೆಯನ್ನು ಎಡಗಡೆಯ ರಾಶಿಗೆ ಹಾಕಿ, ಮೇಜಿನ ಮೇಲಿನ ಕಾಗದವನ್ನು ಅವಳತ್ತ ಸರಿಸಿದ. "ಇದಕ್ಕೊಂದು ಹೆಬ್ಬೆಟ್ಟ ಒತ್ತಿ ಹೋಗ್ರಿ. ನೀವೊಬ್ಬರ ಉಳದೀರಿ. ರೋಣದ ಬಸ್ಸಿಗೆ ಟಪಾಲು ಹೋಗಬೇಕು."

ಅದು ಐವತ್ತೈದನೆಯ ಇಸವಿ. ದೇಶದ ಕಾರುಬಾರು ಮುಂದೆಯೂ ಇಂಗ್ಲೀಷಿನಲ್ಲೇ ನಡೆಯಬೇಕೋ ಬೇಡವೋ ಎಂದು ದಿಲ್ಲಿಯ ಸಮಿತಿಯೊಂದು ಊರೂರಿನ ಸಂಘಗಳನ್ನು ಕೇಳಿತ್ತು. ಕೇಳಿದ್ದೂ ಇಂಗ್ಲೀಷಿನಲ್ಲಿ, ಉತ್ತರ ಬೇಕೆಂದದ್ದೂ ಇಂಗ್ಲೀಷಿನಲ್ಲಿ! ದೊಡ್ಡವರ ತಮಾಷೆಯೇ ಹೀಗೆ. ಆದರೆ ನೇಕಾರರಿಗೆ ಅದು ತಮಾಷೆಯಾಗಿರಲಿಲ್ಲ. ಹಿಂದಿನ ವರ್ಷ ಹೇಮಪ್ಪ ಜ್ವರ ಬಂದು ಮಲಗಿದ್ದಾಗ ಊರಿನ ಪಾಲಿನ ನೂಲು ಒಯ್ಯಿರಿ ಎಂಬ ಹುಕುಂ ಮುಂಬಯಿ ಸರ್ಕಾರದಿಂದ ಇಂಗ್ಲೀಷಿನಲ್ಲಿ ಬಂದಿತ್ತು. ಓದಬಲ್ಲವರಿಲ್ಲದೆ ಅದು ಹದಿನೈದು ದಿನ ಇದೇ ಮೇಜಿನ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಆ ನೂಲು ಬೇರೆ ಊರಿಗೆ ಹೋಯಿತು, ಮಗ್ಗಗಳು ಖಾಲಿ ನಿಂತವು. ಹೀಗಾಗಿ ಭಾನುವಾರದ ಸಭೆಯಲ್ಲಿ, ಸರ್ಕಾರದ ಕಾಗದ ಕನ್ನಡದಲ್ಲೇ ಬರಲಿ ಎಂದು ನಲವತ್ತೇಳು ಜನ ಕೈಯೆತ್ತಿದರು. ಎತ್ತದವನು ಹೇಮಪ್ಪ ಒಬ್ಬನೇ. ಉತ್ತರ ಬರೆಯುವ ಕೆಲಸ ಮಾತ್ರ ಅವನಿಗೇ ಬಂತು.

"ಏನ ಬರದೀರಿ, ಓದಿ ಹೇಳ್ರಿ" ಎಂದಳು ಸಾವಕ್ಕ.

ಉಳಿದವರು ಯಾರೂ ಹೀಗೆ ಕೇಳಿರಲಿಲ್ಲ. ಹೇಮಪ್ಪ ಸಾಲಿನ ಕೆಳಗೆ ಬೆರಳು ಸರಿಸುತ್ತ ಹೇಳಿದ: "ನಾವು ನೇಕಾರರು. ನಮಗ ಬರೂ ಕಾಗದ ನಮ್ಮ ಕನ್ನಡದಾಗ ಇರಬೇಕು. ಇದು ಎಲ್ಲಾರ ಅಭಿಪ್ರಾಯ."

ಕಾಗದದ ಮೇಲಿದ್ದ ಸಾಲು ಬೇರೆಯೇ ಇತ್ತು. ಇಂಗ್ಲೀಷೇ ಮುಂದುವರಿಯಲಿ, ಇದು ನೇಕಾರರೆಲ್ಲರ ಒಮ್ಮತ ಎಂದು ಅವನು ಬರೆದಿದ್ದ. ಹೇಮಪ್ಪ ಕೆಟ್ಟವನೇನಲ್ಲ. ಇಂಗ್ಲೀಷ್ ಕಲಿತು ಮ್ಯಾಟ್ರಿಕ್ ಪಾಸಾದದ್ದರಿಂದಲೇ ಮಗ್ಗದ ಕುಣಿಯಿಂದ ಎದ್ದು ಈ ಕುರ್ಚಿಗೆ ಬಂದವನು. ಇಂಗ್ಲೀಷ್ ಹೋದರೆ ಅದರ ಜಾಗಕ್ಕೆ ದಿಲ್ಲಿಯವರು ಕನ್ನಡವನ್ನೇನು ತರುತ್ತಾರೆಯೇ, ಹಿಂದಿಯನ್ನು ತರುತ್ತಾರೆ, ಆಗ ನಮ್ಮ ಮಕ್ಕಳು ಮತ್ತೆ ಅಕ್ಷರದಿಂದ ಶುರು ಮಾಡಬೇಕು ಎಂದು ಅವನು ಸಭೆಯಲ್ಲಿ ಹೇಳಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಒಳ್ಳೆಯದಕ್ಕೇ ಬರೆದೆ ಎಂದು ಮೂರು ದಿನದಿಂದ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಸಮಾಧಾನ ಆಗಿರಲಿಲ್ಲ.

ಸಾವಕ್ಕ ಕಾಗದವನ್ನು ಎತ್ತಿಕೊಂಡು ಮುಂಬದಿ ನೋಡಿದಳು. ಆಮೇಲೆ ಅಭ್ಯಾಸಬಲದಿಂದ ತಿರುವಿದಳು. ಹಿಂಬದಿ ಖಾಲಿ.

"ಇದರ ಹಿಂದ ಏನೂ ಕಾಣೂದಿಲ್ಲಲ್ರಿ."

"ಅದೇನು ಸೀರಿ ಏನ್ರಿ!" ಹೇಮಪ್ಪ ನಕ್ಕ. ನಗು ಸರಿಯಾಗಿ ಬರಲಿಲ್ಲ.

"ಮತ್ತ ಇದರಾಗ ತಪ್ಪಿದ್ರ ನಮಗ ಹ್ಯಾಂಗ ಗೊತ್ತಾಗಬೇಕ್ರಿ?"

"ನಾ ಇದ್ದೀನಲ್ಲ, ಅಕ್ಕಾ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. "ಅದೂ ಖರೇನ. ನೀವಿದ್ದೀರಿ" ಎಂದು ಹೆಬ್ಬೆಟ್ಟನ್ನು ಮಸಿಗೆ ಒತ್ತಿ, ಕಾಗದದ ಮೇಲೆ ಗುರುತು ಮೂಡಿಸಿದಳು.

ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು. ಹೇಮಪ್ಪ ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ. ನಾಚಿಕೆಯಾಯಿತು. ಏನು ಮಾಡಬೇಕೆಂದು ತೋಚದೆ, ಎಡಗಡೆಯ ರಾಶಿಯಿಂದ ಸಾವಕ್ಕನ ಸೀರೆಯನ್ನು ಎತ್ತಿ ಬಲಗಡೆಯ ಒಂದನೇ ನಂಬರಿನ ರಾಶಿಯ ಮೇಲಿಟ್ಟ.

ಹೊಸ್ತಿಲು ದಾಟುತ್ತಿದ್ದ ಸಾವಕ್ಕ ನಿಂತಳು. "ಯಾಕ್ರಿ?"

"ಇರಲಿ ಬಿಡ್ರಿ. ಒಂದ ಎಳಿ. ಯಾರಿಗೆ ಗೊತ್ತಾಗ್ತೈತಿ?"

ಸಾವಕ್ಕ ತಿರುಗಿ ಬಂದಳು. ಸೀರೆಯನ್ನು ಎಳೆದುಕೊಂಡು, ತಿರುವಿ, ಮೇಜಿನ ತುಂಬ ಹರಡಿದಳು. ಲಕೋಟೆ ಅದರ ಅಡಿಗೆ ಸೇರಿತು.

"ಸೀರಿ ಉಡೂವಾಕಿಗೆ ಗೊತ್ತಾಗೂದಿಲ್ಲ ಅಂತ ನಾವ ಮುಚ್ಚಿಡೂದೇನ್ರಿ? ನನಗ ಗೊತ್ತೈತಲ್ಲ. ನೋಡ್ರಿ, ತಪ್ಪು ಇಲ್ಲೇ ಐತಿ."

ಹಾರ್ನ್ ಎರಡನೆಯ ಸಲ ಕೇಳಿಸಿತು. ಹೇಮಪ್ಪ ಲಕೋಟೆಗೆ ಕೈ ಹಾಕಲಿಲ್ಲ, ಏಳಲೂ ಇಲ್ಲ. ಅವಳು ಕಿರುಬೆರಳಿನಿಂದ ಹರಿದ ಎಳೆಯನ್ನು ತೋರಿಸುತ್ತಿದ್ದಳು. ಮಸಿ ಹತ್ತಿದ ಹೆಬ್ಬೆಟ್ಟನ್ನು ಮಾತ್ರ, ಸೀರೆಗೆ ತಾಗದ ಹಾಗೆ, ಜೋಪಾನವಾಗಿ ಮೇಲೆತ್ತಿ ಹಿಡಿದಿದ್ದಳು.