ರಸ್ಕಿನ ಚೂರು

ರಸ್ಕಿನ ಡಬ್ಬಿ ತೆರೆದರೆ ಈಗಲೂ ಭದ್ರಾವತಿಯ ಜನ್ನಾಪುರದ ನಮ್ಮ ಕೈತೋಟದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಅಪ್ಪ ಹಗಲು ಮಲಗುತ್ತಿದ್ದರು. ಬೇಲಿಯಾಚೆ ಸೈಕಲ್ ಹೋದಾಗಲೆಲ್ಲ ನಮ್ಮ ನಾಯಿ ಕರಿಯ ಬೊಗಳಿ ಅವರನ್ನು ಎಬ್ಬಿಸುತ್ತಿತ್ತು. "ಭಾನುವಾರ ಇದನ್ನ ದೂರದ ಕುಂಸಿ ಊರಿಗೆ ಬಿಟ್ಟು ಬರ್ತೀನಿ" ಎಂದಿದ್ದರು.

ನಾನು ಕೋಲು ಹಿಡಿದು ಗದರುವುದನ್ನು ಕಂಡು ಪಕ್ಕದ ಮನೆಯ ಹಸೀನಕ್ಕ ಎರಡು ರಸ್ಕ್ ತಂದರು. "ನೀನು ಕೂಗಿದ್ರೆ, ನೀನೂ ಜೊತೆಗೆ ಬೊಗಳ್ತಿದೀಯ ಅನ್ಕೊಳ್ಳುತ್ತೆ ಮಾರಾಯ್ತಿ. ಅದು ಸುಮ್ಮನಾದ ಕೂಡಲೇ ಒಂದು ಚೂರು ಕೊಡು."

ಕೋಲು ಬಿಟ್ಟು ಕರಿಯನ ಪಕ್ಕ ಮಣ್ಣಿನಲ್ಲಿ ಕುಳಿತೆ. ಸೈಕಲ್ ಹೋದಾಗಲೆಲ್ಲ ಅದು ಬೊಗಳುವುದು ನಿಲ್ಲಿಸಿದ ಕೂಡಲೇ ಒಂದೊಂದು ಚೂರು ಕೊಟ್ಟೆ. ರಸ್ಕ್ ಮುಗಿದ ಮೇಲೂ ಒಂದು ಸೈಕಲ್ ಗಂಟೆ ಬಾರಿಸುತ್ತ ಬಂತು. ಕರಿಯ ಗುರುಗುಟ್ಟಿ, ನನ್ನ ಖಾಲಿ ಮುಷ್ಟಿಯನ್ನು ನೋಡಿ, ಸುಮ್ಮನಾಯಿತು.

ಆಗ ಮೊದಲ ಬಾರಿಗೆ ಅಪ್ಪನ ಗೊರಕೆ ತೋಟದವರೆಗೂ ಕೇಳಿಸಿತು.